ಸೈಫೈ ಸರಣಿ ನೋಡುವವರಿಗೆ: ಬಿಡಿ ಸಂಚಿಕೆ ಯಾವುದು, ಕಂತುಕತೆ ಯಾವುದು, ಯಾವುದನ್ನು ಬಿಡಬಹುದು?

ವೈಜ್ಞಾನಿಕ ಕಲ್ಪನೆಯ ಟಿವಿ ಸರಣಿಗಳ ಬಗ್ಗೆ ಬರೆದಾಗಲೆಲ್ಲ ಓದುಗರಿಂದ ಬರುವ ಪ್ರಶ್ನೆಗಳು ಸುತ್ತಿ ಬಳಸಿ ಮೂರೇ. ಇಷ್ಟು ಉದ್ದದ ಸರಣಿಯನ್ನು ಎಲ್ಲಿಂದ ಆರಂಭಿಸಬೇಕು? ಎಲ್ಲ ಸಂಚಿಕೆಗಳನ್ನೂ ನೋಡಲೇಬೇಕೇ? ನಡುವೆ ಕೆಲವನ್ನು ಬಿಟ್ಟರೆ ಕತೆಯ ಎಳೆ ತಪ್ಪಿಹೋಗುತ್ತದೆಯೇ? ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವುದಕ್ಕಿಂತ ಒಂದೇ ಕಡೆ ವಿವರವಾಗಿ ಬರೆದಿಡುವುದು ಮೇಲು ಎಂದು ತೋರಿದ್ದರಿಂದ ಈ ಲೇಖನ.

ಮೂರೂ ಪ್ರಶ್ನೆಗಳಿಗೆ ಉತ್ತರ ಸಿಗುವ ಜಾಗ ಒಂದೇ. ನೀವು ನೋಡಹೊರಟಿರುವ ಸರಣಿಯಲ್ಲಿ ಒಂದು ಕತೆ ಎಷ್ಟು ಸಂಚಿಕೆಗಳಲ್ಲಿ ಮುಗಿಯುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ನೋಡುವ ಅಳತೆ ಸಂಚಿಕೆಯೂ ಅಲ್ಲ, ಸೀಸನ್ನೂ ಅಲ್ಲ, ಕತೆ. ಶಂಕರನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ನೋಡಿದವರಿಗೆ ಇದು ಹೊಸ ಮಾತಲ್ಲ. ಒಂದೇ ಸಂಚಿಕೆಯಲ್ಲಿ ಮುಗಿಯುವ ಸಣ್ಣಕತೆಗಳೂ ಹಲವು ವಾರ ಸಾಗಿದ ಸ್ವಾಮಿಯ ಕತೆಯೂ ಅದೇ ಸರಣಿಯಲ್ಲಿದ್ದವು, ಮತ್ತು ಸ್ವಾಮಿಯ ಕತೆಯನ್ನು ನಡುವಿನಿಂದ ನೋಡಲು ಯಾರೂ ಬಯಸುತ್ತಿರಲಿಲ್ಲ. ಸೈಫೈ ಸರಣಿಗಳಲ್ಲಿ ಈ ಬೆರಕೆ ಇನ್ನಷ್ಟು ಜಟಿಲವಾಗಿರುತ್ತದೆ ಎಂಬುದಷ್ಟೇ ವ್ಯತ್ಯಾಸ.

ಆರಂಭಿಸುವ ಮೊದಲು ಬೇಕಾಗುವುದು

ಸರಣಿಯ ಪೂರ್ಣ ಸಂಚಿಕೆಪಟ್ಟಿ, ಒಂದು ಹಾಳೆ, ಒಂದು ಪೆನ್ನು. ಪಟ್ಟಿಯಲ್ಲಿ ಸಂಚಿಕೆಯ ಹೆಸರು ಮತ್ತು ಮೊದಲು ಪ್ರಸಾರವಾದ ದಿನಾಂಕ ಇದ್ದರೆ ಸಾಕು. ಕತೆಯ ಸಾರಾಂಶವಿರುವ ಪಟ್ಟಿಯನ್ನು ತೆರೆಯಬೇಡಿ, ಏಕೆಂದರೆ ಯಾರು ಸಾಯುತ್ತಾರೆ ಎಂಬುದು ಅದರ ಎರಡನೇ ಸಾಲಿನಲ್ಲೇ ಇರುತ್ತದೆ.

ಕೆಲವು ಪದಗಳ ಅರ್ಥವನ್ನು ಇಲ್ಲೇ ಹೇಳಿಬಿಡುತ್ತೇನೆ. ಒಂದೇ ಸಂಚಿಕೆಯಲ್ಲಿ ಆರಂಭವಾಗಿ ಅಲ್ಲೇ ಮುಗಿಯುವುದನ್ನು ‘ಬಿಡಿ ಸಂಚಿಕೆ’ ಎನ್ನೋಣ. ಎರಡು ಅಥವಾ ಹೆಚ್ಚು ಭಾಗಗಳಲ್ಲಿ ಒಂದೇ ಕತೆ ಸಾಗಿದರೆ ಅದು ‘ಕಂತುಕತೆ’. ಹಲವು ಬಿಡಿ ಸಂಚಿಕೆಗಳ ಹಿಂದೆ ನಿಧಾನವಾಗಿ ಬೆಳೆಯುವ ದೊಡ್ಡ ಕತೆಗೆ ‘ಆರ್ಕ್’ ಎಂಬ ಪದ ಬಳಕೆಯಲ್ಲಿದೆ. ಮಣಿಗಳ ನಡುವಿನ ದಾರದಂತೆ ಅದು ಎಲ್ಲ ಸಂಚಿಕೆಗಳ ಒಳಗಿನಿಂದ ಹಾದುಹೋಗುತ್ತದೆ. ಪಾತ್ರವನ್ನು ಅಪಾಯದ ತುದಿಯಲ್ಲಿ ನಿಲ್ಲಿಸಿ ಸಂಚಿಕೆಯನ್ನು ಮುಗಿಸುವುದು ‘ಕ್ಲಿಫ್‌ಹ್ಯಾಂಗರ್’. ನಮ್ಮ ವಾರಪತ್ರಿಕೆಗಳ ಧಾರಾವಾಹಿಗಳಲ್ಲಿ ‘ಮುಂದುವರಿಯುವುದು’ ಎಂಬ ಪದ ಬೀಳುತ್ತಿದ್ದ ಜಾಗವೇ ಅದು. ‘ಪೈಲಟ್’ ಎಂದರೆ ಸರಣಿ ನಡೆದೀತೇ ಎಂದು ನೋಡಲು ಮೊದಲಿಗೆ ತಯಾರಿಸುವ ಮಾದರಿ ಸಂಚಿಕೆ.

ಹಂತ 1: ಸರಣಿಯ ಜಾತಿಯನ್ನು ಗುರುತಿಸಿ

ಅತ್ಯಂತ ಸುಲಭವಾದದ್ದು ಆಂಥಾಲಜಿ, ಅಂದರೆ ಪ್ರತಿ ಸಂಚಿಕೆಯಲ್ಲೂ ಕತೆ, ಪಾತ್ರ, ಲೋಕ ಎಲ್ಲವೂ ಹೊಸದಾಗಿರುವ ಸರಣಿ. ರಾಡ್ ಸರ್ಲಿಂಗ್ ರೂಪಿಸಿದ ‘ದಿ ಟ್ವೈಲೈಟ್ ಝೋನ್’ 1959ರಿಂದ 1964ರವರೆಗೆ 156 ಸಂಚಿಕೆಗಳಲ್ಲಿ ಬಂದಿತು. ಅವುಗಳನ್ನು ಯಾವ ಕ್ರಮದಲ್ಲಿ ನೋಡಿದರೂ ನಷ್ಟವಿಲ್ಲ. ನಾಲ್ಕನೇ ಸೀಸನ್‌ನ ಸಂಚಿಕೆಗಳು ಮಾತ್ರ ಅರ್ಧ ಗಂಟೆಯ ಬದಲು ಒಂದು ಗಂಟೆಯವು, ಮತ್ತು ಆ ಉದ್ದ ಅವುಗಳಿಗೆ ಒಗ್ಗಲಿಲ್ಲವೆಂಬುದು ನನ್ನ ಅಭಿಪ್ರಾಯ. ಆದ್ದರಿಂದ ಅಲ್ಲಿಂದ ಆರಂಭಿಸಬೇಡಿ.

ಎರಡನೆಯದು ಕಾಯಂ ಪಾತ್ರಗಳಿದ್ದೂ ಕತೆಗಳು ಬಿಡಿಯಾಗಿರುವ ಸರಣಿ. 1966ರಿಂದ 1969ರವರೆಗೆ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಬಂದ, ಅಂತರಿಕ್ಷ ನೌಕೆಯೊಂದರ ಸಿಬ್ಬಂದಿಯ ಕತೆ ಹೇಳುವ ಮೂಲ ‘ಸ್ಟಾರ್ ಟ್ರೆಕ್’ ಇದಕ್ಕೆ ಅಚ್ಚುಕಟ್ಟಾದ ಉದಾಹರಣೆ. ಅದರ 79 ಸಂಚಿಕೆಗಳಲ್ಲಿ ಎರಡು ಭಾಗದ ಕತೆ ಒಂದೇ ಒಂದು: ‘ದಿ ಮೆನಾಜರಿ’. ಅದು ಕೂಡ ಕತೆ ದೊಡ್ಡದಿತ್ತೆಂದು ಎರಡು ಭಾಗವಾದದ್ದಲ್ಲ. ಪ್ರಸಾರದ ದಿನ ಹತ್ತಿರವಾಗುತ್ತಿತ್ತು, ಸಂಚಿಕೆಗಳು ಸಿದ್ಧವಾಗುತ್ತಿರಲಿಲ್ಲ. ಆಗ ವಾಹಿನಿ ತಿರಸ್ಕರಿಸಿ ಮೂಲೆಗೆ ಸೇರಿದ್ದ ಮೊದಲ ಪೈಲಟ್ ‘ದಿ ಕೇಜ್’ನ ದೃಶ್ಯಗಳನ್ನು ಹೊರತೆಗೆದು, ಸುತ್ತಲೂ ಒಂದು ವಿಚಾರಣೆಯ ಕತೆ ಹೆಣೆದು, ಎರಡು ವಾರದ ಹೊಟ್ಟೆ ತುಂಬಿಸಿದರು. ಇಷ್ಟಾಗಿಯೂ ಅದು ಆ ಸರಣಿಯ ಒಳ್ಳೆಯ ಕತೆಗಳಲ್ಲೊಂದು.

ಕತೆಗಳು ಹೀಗೆ ಬಿಡಿಯಾಗಿರಲು ವ್ಯಾಪಾರದ ಕಾರಣವಿತ್ತು. ಅಂದು ಮನೆಯಲ್ಲಿ ಕಾರ್ಯಕ್ರಮವನ್ನು ರೆಕಾರ್ಡ್ ಮಾಡಿಟ್ಟುಕೊಂಡು ಆಮೇಲೆ ನೋಡುವ ಅನುಕೂಲವಿರಲಿಲ್ಲ. ಒಂದು ವಾರ ತಪ್ಪಿಸಿಕೊಂಡ ವೀಕ್ಷಕ ಮುಂದಿನ ವಾರ ಬಂದರೂ ಕತೆ ಅರ್ಥವಾಗಬೇಕಿತ್ತು. ಅದಕ್ಕಿಂತ ಮುಖ್ಯವಾಗಿ, ಮೊದಲ ಪ್ರಸಾರ ಮುಗಿದ ಮೇಲೆ ಸರಣಿಯನ್ನು ಊರೂರಿನ ಸ್ಥಳೀಯ ವಾಹಿನಿಗಳಿಗೆ ಮರುಪ್ರಸಾರಕ್ಕೆ ಮಾರುವ ಪದ್ಧತಿಯಿತ್ತು. ಇದನ್ನು ‘ಸಿಂಡಿಕೇಶನ್’ ಎನ್ನುತ್ತಾರೆ. ಆ ವಾಹಿನಿಗಳು ಯಾವ ಸಂಚಿಕೆಯನ್ನು ಯಾವ ದಿನ ಹಾಕಿದರೂ ನಡೆಯುವಂತಿದ್ದರೆ ಮಾತ್ರ ಸರಕಿಗೆ ಬೆಲೆ. ಹೀಗಾಗಿ ಸಂಚಿಕೆಯ ಕೊನೆಯಲ್ಲಿ ನೌಕೆ, ನಾಯಕ, ಗೆಳೆಯರು ಎಲ್ಲರೂ ಹೊರಟಲ್ಲಿಗೇ ಮರಳಬೇಕು ಎಂಬ ಅಲಿಖಿತ ನಿಯಮ ಹುಟ್ಟಿತು. ಕಳೆದ ವಾರ ಪ್ರೀತಿಸಿದವಳನ್ನು ಕಳೆದುಕೊಂಡ ಕ್ಯಾಪ್ಟನ್ ಕರ್ಕ್ ಈ ವಾರ ಏನೂ ಆಗದವನಂತೆ ನಗುತ್ತ ಕೂತಿರುವುದನ್ನು ಕಂಡು ಹೊಸಬರು ಬರಹಗಾರರ ಅಜಾಗರೂಕತೆ ಎಂದುಕೊಳ್ಳುತ್ತಾರೆ. ಅಜಾಗರೂಕತೆಯಲ್ಲ, ಅದು ಅಂದಿನ ಕರಾರು.

ಮೂರನೆಯದು ಅಪ್ಪಟ ಕಂತುಕತೆಗಳ ಸರಣಿ, ಇದು ಬ್ರಿಟನ್ನಿನ ದಾರಿ. ಬಿಬಿಸಿ 1953ರಲ್ಲೇ ‘ದಿ ಕ್ವಾಟರ್‌ಮಾಸ್ ಎಕ್ಸ್‌ಪೆರಿಮೆಂಟ್’ ಎಂಬ ಆರು ಕಂತಿನ ಕತೆಯನ್ನು ನೇರಪ್ರಸಾರದಲ್ಲಿ ಆಡಿ ತೋರಿಸಿತು. ಅದರಲ್ಲಿ ಮೊದಲ ಎರಡು ಕಂತುಗಳಷ್ಟೇ ಇಂದು ಉಳಿದಿವೆ. ಕಾಲದಲ್ಲಿ ಸಂಚರಿಸುವ ‘ಡಾಕ್ಟರ್’ ಎಂಬಾತನ ಕತೆಯಾದ, 1963ರ ನವೆಂಬರ್ 23ರಂದು ಆರಂಭವಾದ ‘ಡಾಕ್ಟರ್ ಹೂ’ 1989ರವರೆಗೆ ಈ ಪದ್ಧತಿಯಲ್ಲೇ ನಡೆಯಿತು. ಸಾಮಾನ್ಯವಾಗಿ 25 ನಿಮಿಷದ ಕಂತು, ಹೆಚ್ಚಾಗಿ ನಾಲ್ಕು ಅಥವಾ ಆರು ಕಂತಿಗೊಂದು ಕತೆ, ಕೊನೆಯ ಕಂತನ್ನು ಬಿಟ್ಟು ಪ್ರತಿ ಕಂತಿನ ತುದಿಯಲ್ಲಿ ಒಂದು ಅಪಾಯ. ಇಲ್ಲಿಯೂ ಹಣದ ಲೆಕ್ಕವಿದೆ. ಪ್ರತಿ ಕತೆಗೂ ಹೊಸ ಗ್ರಹ, ಹೊಸ ಕಾಲ, ಹೊಸ ವೇಷಭೂಷಣ ಬೇಕು. ಒಮ್ಮೆ ಕಟ್ಟಿದ ಸೆಟ್ಟನ್ನು ನಾಲ್ಕಾರು ವಾರ ಬಳಸಿದರೆ ಮಾತ್ರ ಖರ್ಚು ಗಿಟ್ಟುತ್ತಿತ್ತು.

ನಾಲ್ಕನೆಯದು ಬೆರಕೆ ಸರಣಿ, ಓದುಗರ ಗೊಂದಲವೆಲ್ಲ ಇರುವುದು ಇಲ್ಲೇ. ‘ದಿ ಎಕ್ಸ್-ಫೈಲ್ಸ್’, ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’, 2005ರಲ್ಲಿ ಮರಳಿ ಬಂದ ‘ಡಾಕ್ಟರ್ ಹೂ’, ‘ಬ್ಯಾಬಿಲಾನ್ 5’ ಎಲ್ಲವೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆತವು.

ಐದನೆಯದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಜರ್ಮನಿಯ ‘ಡಾರ್ಕ್’ನಂತಹ ಸರಣಿಗಳಲ್ಲಿ ಮೂರು ಸೀಸನ್‌ಗಳ 26 ಸಂಚಿಕೆಗಳೂ ಸೇರಿ ಒಂದೇ ಕತೆ. ಮೊದಲಿನಿಂದ ಆರಂಭಿಸಿ, ಕ್ರಮವಾಗಿ ನೋಡಿ. ಈ ಲೇಖನದ ಮುಂದಿನ ಹಂತಗಳಲ್ಲಿ ಹೆಚ್ಚಿನವು ನಿಮಗೆ ಬೇಕಾಗುವುದಿಲ್ಲ.

ಹಂತ 2: ಕ್ರಮವನ್ನು ಖಚಿತಪಡಿಸಿಕೊಳ್ಳಿ

ಪ್ರಸಾರವಾದ ಕ್ರಮ, ಚಿತ್ರೀಕರಿಸಿದ ಕ್ರಮ ಮತ್ತು ತಯಾರಕರು ಬಯಸಿದ ಕ್ರಮ ಮೂರೂ ಒಂದೇ ಆಗಿರಬೇಕೆಂದಿಲ್ಲ.

2002ರ ‘ಫೈರ್‌ಫ್ಲೈ’ ಇದಕ್ಕೆ ಪಾಠದಂತಿದೆ. ಪಾತ್ರಗಳನ್ನೂ ಲೋಕವನ್ನೂ ಪರಿಚಯಿಸಲೆಂದೇ ತಯಾರಿಸಿದ್ದ ‘ಸೆರೆನಿಟಿ’ ಎಂಬ ಎರಡು ಗಂಟೆಯ ಪೈಲಟ್ ಅನ್ನು ಫಾಕ್ಸ್ ವಾಹಿನಿ ಬದಿಗಿಟ್ಟು ‘ದಿ ಟ್ರೈನ್ ಜಾಬ್’ನಿಂದ ಪ್ರಸಾರ ಆರಂಭಿಸಿತು. ಮೊದಲು ಬರಬೇಕಿದ್ದ ಆ ಪೈಲಟ್ ಪ್ರಸಾರವಾದದ್ದು ಸರಣಿಯೇ ರದ್ದಾದ ಮೇಲೆ, ಡಿಸೆಂಬರಿನಲ್ಲಿ. ತಯಾರಿಸಿದ 14 ಸಂಚಿಕೆಗಳಲ್ಲಿ ಆ ವಾಹಿನಿಯಲ್ಲಿ ಬಂದದ್ದು 11 ಮಾತ್ರ. ಆದ್ದರಿಂದ ಈ ಸರಣಿಗೆ ಪ್ರಸಾರದ ದಿನಾಂಕವನ್ನು ನಂಬಬೇಡಿ. ನಿಮ್ಮ ಪಟ್ಟಿಯ ತಲೆಯಲ್ಲಿ ‘ಸೆರೆನಿಟಿ’ ಇದೆಯೇ ಎಂದು ನೋಡಿದರೆ ಸಾಕು. ಅದೇ ಹೆಸರಿನ ಸಿನಿಮಾವೂ 2005ರಲ್ಲಿ ಬಂದಿದೆ ಮತ್ತು ಅದು ಸರಣಿಯ ನಂತರದ ಕತೆ. ಹೆಸರು ಒಂದೇ ಎಂದು ಸಿನಿಮಾವನ್ನು ಮೊದಲು ನೋಡಿ ಕೆಟ್ಟವರು ನನಗೇ ಇಬ್ಬರು ಗೊತ್ತು.

ಮೂಲ ‘ಸ್ಟಾರ್ ಟ್ರೆಕ್’ನಲ್ಲಿ ಈ ತೊಡಕು ಸಣ್ಣದು, ಆದರೂ ಕಣ್ಣಿಗೆ ಹೊಡೆಯುವಂಥದ್ದು. ಮೂರನೆಯದಾಗಿ ಪ್ರಸಾರವಾದ ‘ವೇರ್ ನೋ ಮ್ಯಾನ್ ಹ್ಯಾಸ್ ಗಾನ್ ಬಿಫೋರ್’ ವಾಸ್ತವದಲ್ಲಿ ಎರಡನೇ ಪೈಲಟ್. ಮೊದಲೆರಡು ವಾರ ಕಂಡಿದ್ದ ಡಾಕ್ಟರ್ ಮೆಕಾಯ್ ಅದರಲ್ಲಿಲ್ಲ, ಅವರ ಜಾಗದಲ್ಲಿ ಬೇರೊಬ್ಬ ವೈದ್ಯರಿದ್ದಾರೆ, ಸಮವಸ್ತ್ರವೂ ಬೇರೆ. ಇದನ್ನು ಮೊದಲು ನೋಡಿ ನಂತರ ಪಟ್ಟಿಯ ಪ್ರಕಾರ ಸಾಗುವುದು ಉತ್ತಮ.

‘ಡಾಕ್ಟರ್ ಹೂ’ ನೋಡಹೊರಟವರು ಇನ್ನೊಂದು ಗುಂಡಿಗೆ ಬೀಳುತ್ತಾರೆ. ಅದಕ್ಕೆ ಮೂರು ‘ಮೊದಲ ಸೀಸನ್’ಗಳಿವೆ: 1963ರಲ್ಲಿ ಆರಂಭವಾದದ್ದು ಒಂದು, 2005ರಲ್ಲಿ ಮರಳಿದಾಗ ಎಣಿಕೆ ಮತ್ತೆ ಒಂದರಿಂದ, 2024ರಲ್ಲಿ ಮತ್ತೊಮ್ಮೆ ಒಂದರಿಂದ. ಗೆಳೆಯರು ‘ಫಸ್ಟ್ ಸೀಸನ್‌ನಿಂದ ನೋಡು’ ಎಂದರೆ ಯಾವ ವರ್ಷದ್ದು ಎಂದು ಕೇಳಿ. ಹೊಸಬರಿಗೆ ನಾನು ಹೇಳುವುದು 2005ರದ್ದನ್ನು.

ಹಂತ 3: ಕತೆಗಳ ಕೀಲುಗಳನ್ನು ಗುರುತು ಮಾಡಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಹಾಳೆಯಲ್ಲಿ ಸಂಚಿಕೆಗಳ ಹೆಸರು ಬರೆದುಕೊಂಡು, ಒಂದೇ ಕತೆಗೆ ಸೇರಿದವುಗಳನ್ನು ಕಂಸ ಹಾಕಿ ಕಟ್ಟಿ. ಹೆಸರಿನ ಮುಂದೆ ‘ಭಾಗ 1’, ‘ಭಾಗ 2’ ಎಂದಿದ್ದರೆ ಕೆಲಸ ಸುಲಭ. ಆದರೆ ಹಾಗಿರುವುದು ಅರ್ಧದಷ್ಟು ಸಲ ಮಾತ್ರ.

2005ರ ‘ಡಾಕ್ಟರ್ ಹೂ’ ಸೀಸನ್ನನ್ನೇ ತೆಗೆದುಕೊಳ್ಳಿ. ಹದಿಮೂರು ಸಂಚಿಕೆಗಳಲ್ಲಿ ಏಳು ಬಿಡಿ, ಉಳಿದ ಆರು ಎರಡೆರಡು ಭಾಗದ ಮೂರು ಕತೆಗಳು. ಈ ಮೂರರಲ್ಲಿ ಯಾವುದರ ಹೆಸರಿನಲ್ಲೂ ‘ಭಾಗ’ ಎಂಬ ಪದವಿಲ್ಲ. ‘ದಿ ಎಂಪ್ಟಿ ಚೈಲ್ಡ್’ ಮತ್ತು ‘ದಿ ಡಾಕ್ಟರ್ ಡ್ಯಾನ್ಸಸ್’ ಎಂಬ ಹೆಸರುಗಳನ್ನು ನೋಡಿ ಅವೆರಡೂ ಯುದ್ಧಕಾಲದ ಲಂಡನ್ನಿನ ಒಂದೇ ಕತೆಯೆಂದು ಯಾರು ತಾನೆ ಊಹಿಸಿಯಾರು? ನೋಡುವ ಮೊದಲು ತಿಳಿದಿದ್ದರೆ ಆ ಸಂಜೆಗೆ ಒಂದೂವರೆ ಗಂಟೆ ಎತ್ತಿಡಬಹುದು. ತಿಳಿಯದಿದ್ದರೆ ರಾತ್ರಿ ಹನ್ನೊಂದೂವರೆಗೆ ‘ಇನ್ನೊಂದನ್ನು ನೋಡದೆ ಮಲಗುವುದು ಹೇಗೆ’ ಎಂಬ ಪರಿಸ್ಥಿತಿ.

ಹಳೆಯ ‘ಡಾಕ್ಟರ್ ಹೂ’ನಲ್ಲಿ ತೊಡಕು ತಿರುಗುಮುರುಗಾಗಿದೆ. ಮೊದಲ ಎರಡೂವರೆ ವರ್ಷ ಪ್ರತಿ ಕಂತಿಗೂ ಸ್ವಂತ ಹೆಸರಿತ್ತು, ಇಡೀ ಕತೆಯ ಹೆಸರು ಪರದೆಯ ಮೇಲೆ ಬರುತ್ತಲೇ ಇರಲಿಲ್ಲ. ಪಟ್ಟಿಯಲ್ಲಿ ‘ದಿ ಡೆಡ್ ಪ್ಲಾನೆಟ್’ ಎಂದು ಕಂಡರೆ ಅದು ಬಿಡಿ ಸಂಚಿಕೆಯಲ್ಲ, ಇಂದು ‘ದಿ ಡಾಲೆಕ್ಸ್’ ಎಂದು ಕರೆಯುವ ಏಳು ಕಂತಿನ ಕತೆಯ ಮೊದಲ ಕಂತು. 1966ರ ‘ದಿ ಸ್ಯಾವೇಜಸ್’ ಕತೆಯಿಂದ ಒಂದೇ ಹೆಸರು, ಕೆಳಗೆ ಕಂತಿನ ಸಂಖ್ಯೆ ಎಂಬ ಪದ್ಧತಿ ಬಂದಿತು.

ಸೀಸನ್‌ಗಳ ನಡುವಿನ ಕೀಲು ಇನ್ನೂ ಅಪಾಯಕಾರಿ. ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್’ನ ಮೂರನೇ ಸೀಸನ್ ಮುಗಿಯುವುದು ‘ದಿ ಬೆಸ್ಟ್ ಆಫ್ ಬೋತ್ ವರ್ಲ್ಡ್ಸ್’ ಕತೆಯ ಮೊದಲ ಭಾಗದೊಂದಿಗೆ. ಬೋರ್ಗ್ ಎಂಬ ಅರ್ಧ ಯಂತ್ರ, ಅರ್ಧ ಜೀವಿಗಳ ಸಮೂಹದ ಎದುರು ನೌಕೆ ನಿಂತಿದೆ; ನಾಯಕನ ಕುರ್ಚಿಯಲ್ಲಿ ಈಗ ಉಪನಾಯಕ ರೈಕರ್; ಅವನು ತೆಗೆದುಕೊಳ್ಳಬೇಕಾದ ತೀರ್ಮಾನ ಯಾವ ಅಧಿಕಾರಿಗೂ ಬೇಡವಾದದ್ದು. ಮುಖ ಬಿಗಿದುಕೊಂಡು ಒಂದೇ ಪದದ ಆಜ್ಞೆ ಕೊಡುತ್ತಾನೆ, ಸಂಗೀತ ಏರುತ್ತದೆ, ಪರದೆ ಕಪ್ಪಾಗುತ್ತದೆ. 1990ರ ಜೂನ್‌ನಲ್ಲಿ ಅಲ್ಲಿಗೆ ನಿಂತ ಕತೆ ಮುಂದುವರಿದದ್ದು ಸೆಪ್ಟೆಂಬರಿನಲ್ಲಿ. ಒಂದೊಂದೇ ಸೀಸನ್ನಿನ ಡಿವಿಡಿ ತಂದು ನೋಡುವವರು ಈ ಜಾಗದಲ್ಲಿ ಸಿಕ್ಕಿಬೀಳುತ್ತಾರೆ. ಮೂರನೆಯದನ್ನು ತರುವಾಗ ನಾಲ್ಕನೆಯದನ್ನೂ ತನ್ನಿ.

ಇನ್ನೂ ಒಂದು ಸೂಕ್ಷ್ಮವಿದೆ. ನಾಲ್ಕನೇ ಸೀಸನ್ನಿನ ಎರಡನೇ ಸಂಚಿಕೆ ‘ಫ್ಯಾಮಿಲಿ’ ಪಟ್ಟಿಯಲ್ಲಿ ಬಿಡಿಯಾಗಿ ಕಾಣುತ್ತದೆ. ಅದರಲ್ಲಿ ಯುದ್ಧವಿಲ್ಲ, ಬೋರ್ಗ್ ಇಲ್ಲ. ಕ್ಯಾಪ್ಟನ್ ಪಿಕಾರ್ಡ್ ಫ್ರಾನ್ಸಿನ ತನ್ನ ಊರಿಗೆ, ಅಣ್ಣನ ದ್ರಾಕ್ಷಿತೋಟಕ್ಕೆ ಹೋಗುತ್ತಾನೆ. ಆದರೆ ಹಿಂದಿನ ಎರಡು ಭಾಗಗಳನ್ನು ನೋಡಿದವರಿಗೆ ಅದು ಕತೆಯ ಮೂರನೇ ಭಾಗ, ನನ್ನ ಮಟ್ಟಿಗೆ ಮೂರರಲ್ಲೂ ಮೇಲಿನದು. ಕೆಸರಿನಲ್ಲಿ ಅಣ್ಣತಮ್ಮಂದಿರು ಗುದ್ದಾಡಿ, ನಗುತ್ತ ನಗುತ್ತಲೇ ಪಿಕಾರ್ಡ್ ಅಳಲಾರಂಭಿಸುವ ದೃಶ್ಯ ಹಿಂದಿನದು ಗೊತ್ತಿಲ್ಲದವನಿಗೆ ಬರೀ ಮನೆಜಗಳವಾಗಿ ತೋರುತ್ತದೆ. ಇಂತಹ ‘ಬಾಲ’ಗಳನ್ನೂ ಕಂಸದೊಳಗೆ ಸೇರಿಸಿಕೊಳ್ಳಿ.

‘ದಿ ಎಕ್ಸ್-ಫೈಲ್ಸ್’ನಲ್ಲಿ ಕೀಲುಗಳು ಅಕ್ಕಪಕ್ಕದಲ್ಲೂ ಇರುವುದಿಲ್ಲ. ಎರಡನೇ ಸೀಸನ್ನಿನಲ್ಲಿ ‘ಡ್ವೇನ್ ಬ್ಯಾರಿ’, ‘ಅಸೆನ್ಶನ್’ ಎಂಬ ಎರಡು ಸಂಚಿಕೆಗಳ ನಂತರ ರಕ್ತಪಿಶಾಚಿಗಳ ಕುರಿತ ಒಂದು ಬಿಡಿ ಸಂಚಿಕೆ ಬರುತ್ತದೆ, ಅದರ ಮುಂದಿನ ‘ಒನ್ ಬ್ರೆತ್’ನಲ್ಲಿ ಮೊದಲಿನ ಕತೆ ಮರಳುತ್ತದೆ. ನಟಿ ಜಿಲಿಯನ್ ಆಂಡರ್ಸನ್ ಗರ್ಭಿಣಿಯಾಗಿದ್ದರಿಂದ ಅವರು ನಟಿಸುತ್ತಿದ್ದ ಮುಖ್ಯಪಾತ್ರ ಸ್ಕಲ್ಲಿಯನ್ನು ಕೆಲಕಾಲ ಕಣ್ಮರೆ ಮಾಡಬೇಕಾಯಿತು, ಅದರಿಂದ ಹುಟ್ಟಿದ್ದು ಈ ಕಂತುಕತೆ. ಎರಡನೇ ಸೀಸನ್ನಿನ ಕೊನೆಯ ‘ಅನಸಾಝಿ’ಯಂತೂ ಮೂರನೇ ಸೀಸನ್ನಿನ ಮೊದಲೆರಡು ಸಂಚಿಕೆಗಳಿಗೆ ಸಾಗುತ್ತದೆ. ಐದನೇ ಮತ್ತು ಆರನೇ ಸೀಸನ್‌ಗಳ ನಡುವೆ 1998ರ ಸಿನಿಮಾ ಕೂತಿದೆ. ಅದು ಟಿವಿ ಪಟ್ಟಿಯಲ್ಲಿ ಇರುವುದೇ ಇಲ್ಲವಾದ್ದರಿಂದ ನೀವೇ ಕೈಯಾರೆ ಬರೆದುಕೊಳ್ಳಬೇಕು.

ಹಂತ 4: ಯಾವುದನ್ನು ಬಿಡಬಹುದು ಎಂದು ತೀರ್ಮಾನಿಸಿ

‘ದಿ ಎಕ್ಸ್-ಫೈಲ್ಸ್’ ಅಭಿಮಾನಿಗಳಲ್ಲಿ ಎರಡು ಪದಗಳು ರೂಢಿಯಲ್ಲಿವೆ. ಅನ್ಯಗ್ರಹಜೀವಿಗಳು ಮತ್ತು ಸರ್ಕಾರದ ಪಿತೂರಿಯ ದೊಡ್ಡ ಕತೆಗೆ ಸೇರಿದವು ‘ಮಿಥಾಲಜಿ’ ಸಂಚಿಕೆಗಳು. ವಾರಕ್ಕೊಂದು ವಿಚಿತ್ರ ಪ್ರಾಣಿ ಅಥವಾ ಪ್ರಕರಣ ಬಂದು ಹೋಗುವವು ‘ಮಾನ್‌ಸ್ಟರ್ ಆಫ್ ದಿ ವೀಕ್’. ಹೊಸಬರಿಗೆ ಯಾರಾದರೊಬ್ಬರು ‘ಮಿಥಾಲಜಿಯನ್ನು ಮಾತ್ರ ನೋಡು, ಉಳಿದದ್ದು ಜಾಗ ತುಂಬಿಸಲು ಮಾಡಿದ್ದು’ ಎಂದು ಸಲಹೆ ಕೊಡುತ್ತಾರೆ. ಈ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ.

ಈ ಸರಣಿಯ ದೊಡ್ಡ ಕತೆ ವರ್ಷದಿಂದ ವರ್ಷಕ್ಕೆ ಸಿಕ್ಕುಸಿಕ್ಕಾಗುತ್ತ ಹೋಯಿತು, ಏಕೆಂದರೆ ಸರಣಿ ಎಂದು ಮುಗಿಯುತ್ತದೆಂದು ಬರೆಯುವವರಿಗೇ ತಿಳಿದಿರಲಿಲ್ಲ. 1993ರಿಂದ 2002ರವರೆಗಿನ 202 ಸಂಚಿಕೆಗಳಲ್ಲಿ ಕಾಲಕ್ಕೆ ಬಾಡದೆ ಉಳಿದಿರುವುದು ಬಿಡಿ ಕತೆಗಳೇ. ಮೂರನೇ ಸಂಚಿಕೆಯಾದ ‘ಸ್ಕ್ವೀಝ್’, ಹಿಮದ ನಡುವಿನ ಸಂಶೋಧನಾ ಕೇಂದ್ರದಲ್ಲಿ ನಡೆಯುವ ‘ಐಸ್’, ಜನರ ಸಾವನ್ನು ಮುಂಚೆಯೇ ಕಾಣಬಲ್ಲ ವಿಮಾ ಏಜೆಂಟನ ಕತೆ ‘ಕ್ಲೈಡ್ ಬ್ರಕ್‌ಮನ್ಸ್ ಫೈನಲ್ ರಿಪೋಸ್’, ಈ ಮೂರನ್ನು ನೋಡಿಯೂ ಸರಣಿ ಹಿಡಿಸದಿದ್ದರೆ ಬಿಟ್ಟುಬಿಡಿ. ಕೊನೆಯದರ ಬರವಣಿಗೆಗೆ ಡೇರಿನ್ ಮಾರ್ಗನ್ ಅವರಿಗೆ ಅಮೆರಿಕದ ಟಿವಿ ರಂಗದ ಎಮ್ಮಿ ಪ್ರಶಸ್ತಿ ಬಂದಿತು. ಇಲ್ಲಿ ಬಿಡುವುದಾದರೆ ಕೊನೆಯ ಸೀಸನ್‌ಗಳ ಮಿಥಾಲಜಿಯನ್ನು ಬಿಡಬಹುದು, ಬಿಡಿ ಕತೆಗಳನ್ನಲ್ಲ.

‘ಬ್ಯಾಬಿಲಾನ್ 5’ರಲ್ಲಿ ಲೆಕ್ಕ ಪೂರ್ತಿ ತಲೆಕೆಳಗು. ಅದರ ಕರ್ತೃ ಜೆ. ಮೈಕಲ್ ಸ್ಟ್ರಾಜಿನ್ಸ್ಕಿ ಐದು ವರ್ಷಗಳ ಕತೆಯನ್ನು ಮೊದಲೇ ಯೋಜಿಸಿಕೊಂಡು, 110 ಸಂಚಿಕೆಗಳಲ್ಲಿ 92ನ್ನು ತಾವೇ ಬರೆದರು. ಮೊದಲ ಸೀಸನ್ ನೋಡುವಾಗ ಎಲ್ಲವೂ ಬಿಡಿ ಕತೆಗಳಂತೆ, ಅದರಲ್ಲೂ ಸಾಧಾರಣ ಕತೆಗಳಂತೆ ಕಾಣುತ್ತವೆ. ಬೇಸರಗೊಂಡು ನೇರವಾಗಿ ಎರಡನೆಯದಕ್ಕೆ ಹಾರುವವರೇ ಹೆಚ್ಚು. ಆದರೆ ಮೊದಲ ಸೀಸನ್ನಿನ ‘ಬ್ಯಾಬಿಲಾನ್ ಸ್ಕ್ವೇರ್ಡ್’ನಲ್ಲಿ ಕಂಡ ಒಗಟಿಗೆ ಉತ್ತರ ಸಿಗುವುದು ಮೂರನೇ ಸೀಸನ್ನಿನ ‘ವಾರ್ ವಿದೌಟ್ ಎಂಡ್’ ಎಂಬ ಎರಡು ಭಾಗದ ಕತೆಯಲ್ಲಿ, ಎರಡು ವರ್ಷಗಳ ನಂತರ, ಅದೇ ಘಟನೆಯನ್ನು ಇನ್ನೊಂದು ಬದಿಯಿಂದ ತೋರಿಸುತ್ತ. ಮೊದಲನೆಯದನ್ನು ನೋಡದವರಿಗೆ ಎರಡನೆಯದು ಅರ್ಥವಾಗುತ್ತದೆ, ಆದರೆ ಮೈ ಜುಮ್ಮೆನ್ನುವುದಿಲ್ಲ. ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ.

ಬಿಡಿ ಸಂಚಿಕೆಯ ಒಳಗೆ ಆರ್ಕ್ ಅಡಗಿ ಕೂರುವ ಇನ್ನೊಂದು ಬಗೆಗೆ 2005ರ ‘ಡಾಕ್ಟರ್ ಹೂ’ವಿಗೇ ಮರಳಬಹುದು. ‘ಬ್ಯಾಡ್ ವುಲ್ಫ್’ ಎಂಬ ಎರಡು ಪದಗಳು ಸಂಚಿಕೆಯಿಂದ ಸಂಚಿಕೆಗೆ ಎಲ್ಲೋ ಒಂದು ಮಾತಿನಲ್ಲಿ, ಗೋಡೆಬರಹದಲ್ಲಿ ಸುಮ್ಮನೆ ಹಾದುಹೋಗುತ್ತವೆ. ಏಳನೆಯದಾದ ‘ದಿ ಲಾಂಗ್ ಗೇಮ್’ ಸಪ್ಪೆ ಎಂದು ಬಿಟ್ಟವರು ಸೀಸನ್ನಿನ ಕೊನೆಯ ಕಂತುಕತೆ ಅದೇ ಸ್ಥಳದಲ್ಲಿ ತೆರೆದುಕೊಂಡಾಗ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಹಾಗಾದರೆ ನಿಯಮವೇನು? ನಾನು ಪಾಲಿಸುವುದು ಇಷ್ಟು. ಮೊದಲ ಸೀಸನ್ನಿನಲ್ಲಿ ಏನನ್ನೂ ಬಿಡಬಾರದು, ಅದು 13 ಸಂಚಿಕೆಗಳಿಗಿಂತ ಉದ್ದವಿದ್ದರೆ ಮಾತ್ರ ವಿನಾಯಿತಿ. ಸೀಸನ್ನಿನ ಮೊದಲ ಎರಡು ಮತ್ತು ಕೊನೆಯ ಮೂರು ಸಂಚಿಕೆಗಳನ್ನು ಎಂದೂ ಬಿಡಬಾರದು. ಕಂತುಕತೆಯ ಒಂದು ಭಾಗ ನೋಡಿದರೆ ಉಳಿದ ಭಾಗಗಳನ್ನೂ ನೋಡಬೇಕು, ಇಲ್ಲವೇ ಇಡೀ ಕತೆಯನ್ನೇ ಕೈಬಿಡಬೇಕು. ‘ಹಿಂದಿನ ಸಂಚಿಕೆಯಲ್ಲಿ’ ಎಂಬ ಹಿನ್ನೋಟದ ತುಣುಕನ್ನು ನಂಬಿ ಎರಡನೇ ಭಾಗಕ್ಕೆ ಹಾರುವುದು ಊಟದ ಬದಲು ಮೆನು ಓದಿದಂತೆ. ಆ ತುಣುಕು ಮರೆತವರಿಗೆ ನೆನಪಿಸಲು ಮಾಡಿದ್ದು, ನೋಡದವರಿಗೆ ಕತೆ ಹೇಳಲು ಅಲ್ಲ.

ಹಂತ 5: ವೇಗವನ್ನು ಹೊಂದಿಸಿಕೊಳ್ಳಿ

ಹಳೆಯ ಕಂತುಕತೆಗಳನ್ನು ನೋಡುವವರು ಮಾಡುವ ದೊಡ್ಡ ತಪ್ಪು, ಒಂದೇ ಕೂರಿಕೆಯಲ್ಲಿ ಮುಗಿಸುವುದು. ವಾರಕ್ಕೊಂದರಂತೆ ನೋಡಲೆಂದು ಮಾಡಿದ ಆರು ಕಂತುಗಳನ್ನು ಒಟ್ಟಿಗೆ ನೋಡಿದರೆ ಎರಡೂವರೆ ಗಂಟೆಯ ಕೆಟ್ಟ ಸಿನಿಮಾದಂತೆ ಕಾಣುತ್ತದೆ. ಪ್ರತಿ ಕಂತೂ ಹಿಂದಿನ ಕಂತಿನ ಕೊನೆಯ ದೃಶ್ಯದಿಂದಲೇ ಆರಂಭವಾಗುವುದರಿಂದ ಅದೇ ಚೀತ್ಕಾರವನ್ನು ಎರಡು ಸಲ ಕೇಳಬೇಕು. ನಡುವಿನ ಕಂತುಗಳಲ್ಲಿ ಡಾಕ್ಟರ್ ಮತ್ತು ಜೊತೆಗಾರರು ಸೆರೆಸಿಕ್ಕು, ತಪ್ಪಿಸಿಕೊಂಡು, ಉದ್ದದ ಓಣಿಯಲ್ಲಿ ಓಡಿ, ಮತ್ತೆ ಸೆರೆಸಿಗುತ್ತಾರೆ. ವಾರದ ಅಂತರದಲ್ಲಿ ಇದು ಗಮನಕ್ಕೆ ಬರುತ್ತಿರಲಿಲ್ಲ, ಹತ್ತು ನಿಮಿಷದ ಅಂತರದಲ್ಲಿ ಬಾರದಿರುವುದಿಲ್ಲ. ದಿನಕ್ಕೆ ಒಂದು ಕಂತು, ಹೆಚ್ಚೆಂದರೆ ಎರಡು ನೋಡಿ; ರಾತ್ರಿ ಊಟದ ಹೊತ್ತಿಗೆ 25 ನಿಮಿಷ ಹೇಳಿಮಾಡಿಸಿದ ಅಳತೆ. ಒಂದು ಕಂತು ಮುಗಿದೊಡನೆ ತಾನಾಗಿಯೇ ಮುಂದಿನದು ಆರಂಭವಾಗುವ ಸೌಲಭ್ಯವನ್ನು ಆ್ಯಪಿನಲ್ಲಿ ಮೊದಲು ನಿಲ್ಲಿಸಿ. ಕ್ಲಿಫ್‌ಹ್ಯಾಂಗರ್ ಕೆಲಸ ಮಾಡಲು ಅದರ ನಂತರ ಮೌನ ಬೇಕು.

ಸಂಕ್ಷಿಪ್ತ ಆವೃತ್ತಿಗಳ ಬಗ್ಗೆಯೂ ಎಚ್ಚರವಿರಲಿ. ಹತ್ತು ಕಂತಿನ ‘ದಿ ವಾರ್ ಗೇಮ್ಸ್’ 1969ರದ್ದು, ಒಟ್ಟು ನಾಲ್ಕು ಗಂಟೆಯಷ್ಟಿದೆ. 2024ರ ಡಿಸೆಂಬರಿನಲ್ಲಿ ಬಿಬಿಸಿ ಅದಕ್ಕೆ ಬಣ್ಣ ಹಚ್ಚಿ ಒಂದೂವರೆ ಗಂಟೆಗೆ ಇಳಿಸಿ ಪ್ರಸಾರ ಮಾಡಿತು. ಕತೆ ತಿಳಿಯಲು ಅದು ಸಾಕು, ಆದರೆ ಅದನ್ನೇ ಮೂಲವೆಂದುಕೊಂಡು ತೀರ್ಪು ಕೊಡಬೇಡಿ.

ಬಿಡಿ ಸಂಚಿಕೆಗಳಿಗೆ ಇದರ ವಿರುದ್ಧದ ಸಲಹೆ. ಒಂದೇ ದಿನ ನಾಲ್ಕು ‘ಟ್ವೈಲೈಟ್ ಝೋನ್’ ನೋಡಿದರೆ ಕೊನೆಯ ತಿರುವು ಎಲ್ಲಿ ಬರುತ್ತದೆಂದು ಎರಡನೆಯದರ ಹೊತ್ತಿಗೇ ಗೊತ್ತಾಗಿಬಿಡುತ್ತದೆ. ಒಂದು ನೋಡಿ, ಎದ್ದುಬಿಡಿ. ಇನ್ನು ‘ಡೀಪ್ ಸ್ಪೇಸ್ ನೈನ್’ನ ಆರನೇ ಸೀಸನ್ ಆರಂಭದ ಆರು ಸಂಚಿಕೆಗಳು ಮತ್ತು ಏಳನೆಯದರ ಕೊನೆಯ ಹತ್ತು ಒಂದಕ್ಕೊಂದು ಹೆಣೆದುಕೊಂಡ ಯುದ್ಧದ ಕತೆಗಳು, ಅವಕ್ಕೆ ರಜೆಯ ವಾರವೇ ಬೇಕು.

ಹಂತ 6: ಕತೆ ಮುಗಿದಿದೆಯೇ ಎಂದು ಮೊದಲೇ ನೋಡಿಕೊಳ್ಳಿ

ಬಿಡಿ ಸಂಚಿಕೆಗಳ ಸರಣಿ ನಡುವೆ ನಿಂತರೂ ವೀಕ್ಷಕನಿಗೆ ಸಾಲವಿಲ್ಲ. ಆರ್ಕ್ ಇರುವ ಸರಣಿ ನಡುವೆ ನಿಂತರೆ ಕೊನೆಯ ಪುಟಗಳು ಹರಿದ ಪತ್ತೇದಾರಿ ಕಾದಂಬರಿ ಕೈಯಲ್ಲಿ ಉಳಿದಂತೆ. ಈ ಭಯ ತಯಾರಕರಿಗೂ ಇರುತ್ತದೆ. ‘ಬ್ಯಾಬಿಲಾನ್ 5’ರ ನಾಲ್ಕನೇ ವರ್ಷದಲ್ಲಿ ಐದನೆಯದು ಸಿಗುವುದೇ ಅನುಮಾನವಾದಾಗ ಸ್ಟ್ರಾಜಿನ್ಸ್ಕಿ ದೊಡ್ಡ ಎಳೆಗಳನ್ನೆಲ್ಲ ಅದೇ ಸೀಸನ್ನಿನಲ್ಲಿ ಮುಗಿಸಿ, ಇಡೀ ಸರಣಿಯ ಕೊನೆಯ ಸಂಚಿಕೆಯನ್ನೂ ಚಿತ್ರೀಕರಿಸಿಬಿಟ್ಟರು. ಆಮೇಲೆ ಐದನೇ ಸೀಸನ್ನಿಗೆ ಅನುಮತಿ ಸಿಕ್ಕಿತು. ಚಿತ್ರೀಕರಿಸಿದ್ದ ‘ಸ್ಲೀಪಿಂಗ್ ಇನ್ ಲೈಟ್’ ಅನ್ನು ಒಂದು ವರ್ಷ ಎತ್ತಿಟ್ಟು, ನಾಲ್ಕನೆಯದರ ಕೊನೆಗೆ ಬೇರೊಂದು ಸಂಚಿಕೆ ಬರೆದು ಸೇರಿಸಿದರು. ನಾಲ್ಕನೇ ಸೀಸನ್ ಉಸಿರುಗಟ್ಟುವ ವೇಗದಲ್ಲಿ ಓಡುವುದಕ್ಕೂ ಐದನೆಯದು ಆರಂಭದಲ್ಲಿ ಕುಂಟುವುದಕ್ಕೂ ಕಾರಣ ಇದೇ. ನೀವು ನೋಡುವಾಗ ನಾಲ್ಕರ ನಂತರ ಕೆಲವು ದಿನ ಬಿಡುವು ಕೊಟ್ಟು ಐದಕ್ಕೆ ಹೋಗಿ. ಕೊನೆಯ ಸಂಚಿಕೆಯನ್ನಂತೂ ತಪ್ಪಿಸಬೇಡಿ.

ಹಂತ 7: ಕಳೆದುಹೋದ ಕಂತುಗಳಿಗೆ ಸಿದ್ಧರಾಗಿ

ಇದು 1960ರ ದಶಕದ ‘ಡಾಕ್ಟರ್ ಹೂ’ವಿಗೆ ಹೋಗುವಷ್ಟು ಧೈರ್ಯ ಮಾಡಿದವರಿಗೆ. ಅಂದಿನ ಬಿಬಿಸಿ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡುತ್ತಿತ್ತು, ಫಿಲ್ಮ್ ಪ್ರತಿಗಳನ್ನು ನಾಶಪಡಿಸುತ್ತಿತ್ತು. ಪರಿಣಾಮವಾಗಿ ತೊಂಬತ್ತಕ್ಕೂ ಹೆಚ್ಚು ಕಂತುಗಳ ದೃಶ್ಯ ಇಂದು ಲಭ್ಯವಿಲ್ಲ. ಬಿಡಿ ಸಂಚಿಕೆಗಳ ಸರಣಿಯಾಗಿದ್ದರೆ ಕಳೆದದ್ದು ಕಳೆಯಿತು ಎಂದು ಮುಂದೆ ಸಾಗಬಹುದಿತ್ತು. ಕಂತುಕತೆಯಾದ್ದರಿಂದ ಆರು ಕಂತಿನಲ್ಲಿ ಎರಡು ಇದ್ದು ನಾಲ್ಕು ಇಲ್ಲದಂತಹ ಅನಾಥ ತುಂಡುಗಳು ಉಳಿದಿವೆ.

ಸಮಾಧಾನದ ಸಂಗತಿಯೆಂದರೆ ಕಳೆದುಹೋದ ಎಲ್ಲ ಕಂತುಗಳ ಧ್ವನಿ ಉಳಿದಿದೆ, ಏಕೆಂದರೆ ಅಂದಿನ ವೀಕ್ಷಕರು ಮನೆಯಲ್ಲಿ ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಧ್ವನಿಮುದ್ರಿಸಿಕೊಂಡಿದ್ದರು. ಆ ಧ್ವನಿಗೆ ಚಿತ್ರ ಬರೆದು ಜೋಡಿಸಿದ ಅನಿಮೇಶನ್ ಆವೃತ್ತಿಗಳೂ ಬಂದಿವೆ. ಆರು ಕಂತುಗಳೂ ಕಳೆದುಹೋಗಿರುವ 1966ರ ‘ದಿ ಪವರ್ ಆಫ್ ದಿ ಡಾಲೆಕ್ಸ್’ 2016ರಲ್ಲಿ ಹೀಗೆ ಮರಳಿತು. ಪಟ್ಟಿ ಮಾಡುವಾಗ ಇಂತಹ ಕತೆಗಳ ಮುಂದೆ ಚುಕ್ಕಿ ಹಾಕಿಕೊಂಡು, ಪೂರ್ಣವಾಗಿ ಉಳಿದಿರುವ ನಾಲ್ಕು ಕಂತಿನ ಕತೆಗಳಿಂದ ಆರಂಭಿಸಿ, ಚುಕ್ಕಿಯವನ್ನು ಕೊನೆಗೆ ಇಟ್ಟುಕೊಳ್ಳಿ. ಅನಿಮೇಶನ್ ಹಿಡಿಸದಿದ್ದರೆ ಅದರ ಧ್ವನಿಯನ್ನು ಮಾತ್ರ ಹಾಕಿ, ದೀಪ ಆರಿಸಿ, ರೇಡಿಯೋ ನಾಟಕದಂತೆ ಕೇಳಬಹುದು.